ಗೆಳತಿಯರ ಹಿಮಯಾತ್ರೆಗೆ ಮೊದಲು ಲೆಕ್ಕದ ಪುಸ್ತಕ

“ಈ ವಯಸ್ಸಿನಲ್ಲಿ ಹಿಮದ ಮೇಲೆ ಜಾರೋಕೆ ಹೋಗ್ತೀರೇನ್ರಮ್ಮಾ?” ಎಂದು ಅತ್ತೆಯವರು ನಕ್ಕರು. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಸ್ಕೀಯಿಂಗ್‌ನಲ್ಲಿ ಭಾರತದ ಪರ ಸ್ಪರ್ಧಿಸಿದ್ದನ್ನು ಓದಿದಾಗಿನಿಂದ ಬಸವನಗುಡಿಯ ನಮಗೆ ನಾಲ್ವರಿಗೂ ಕಾಶ್ಮೀರದ ಗುಲ್ಮಾರ್ಗ್ ಹುಚ್ಚು.

ಗಾಂಧಿಬಜಾರಿನಲ್ಲಿ ಕಾಫಿ ಕುಡಿಯುತ್ತಾ ಕೂಡಿಸಿದ ಮೊದಲ ಲೆಕ್ಕ ತಲಾ 60,000 ರೂಪಾಯಿ ದಾಟಿತು. ಒಬ್ಬಳು ಮಾತ್ರ ಸುಮ್ಮನಾದಳು. ಮಗಳ ಕಾಲೇಜು ಫೀಸಿನ ವರ್ಷ! “ನೀವು ಹೋಗ್ಬನ್ನಿ ಕಣ್ರೇ” ಎಂದಳು. ಇಂಥಲ್ಲೇ ಅಲ್ಲವೇ ಗೆಳೆತನ ಹಳಸುವುದು? ಅವಳ ಕೈಗೆಟುಕುವ ಮೊತ್ತದಿಂದಲೇ ಲೆಕ್ಕ ಮತ್ತೆ ಬರೆದೆವು: ಬ್ಯಾಂಕಿನ ಆರ್.ಡಿ.ಗೆ ತಿಂಗಳಿಗೆ 3,500ರಂತೆ ವರ್ಷಕ್ಕೆ 42,000. ಪ್ರವಾಸ ಮುಂದಿನ ಫೆಬ್ರವರಿಗೆ ಹೋಯಿತು.

ಸ್ಕೀ, ಬೂಟು, ಕೋಲು ಅಲ್ಲೇ ಬಾಡಿಗೆಗೆ ಸಿಗುತ್ತವೆ, ಕೊಳ್ಳಬೇಡಿ. ಹೊಸಬರು ಕಲಿಯುವುದು ಕೆಳಗಿನ ಇಳಿಜಾರಿನಲ್ಲಿ. ಅಫರ್ವತ್‌ಗೆ ಏರುವ ಗೊಂಡೊಲಾ ಟಿಕೆಟ್ ದಿನಾ ಬೇಕಿಲ್ಲ. ಆದರೆ ಕಲಿಸುವವರ ಫೀಸಿನಲ್ಲಿ ಜಿಪುಣತನ ಬೇಡ. ಹತ್ತಿಯ ಒಳಉಡುಪು ಒದ್ದೆಯಾದರೆ ಮೈ ಕೊರೆಯುತ್ತದೆ, ಉಣ್ಣೆಯದೇ ಇರಲಿ. ವಿಮೆಯಲ್ಲಿ ಸ್ಕೀಯಿಂಗ್ ಸೇರಿದೆಯೇ ಎಂದು ಓದಿ ನೋಡಿ. ಹಿಮ ಸುರಿದು ಶ್ರೀನಗರದ ವಿಮಾನ ನಿಂತರೆ ಬೇಕಾಗುವ ಎರಡು ರಾತ್ರಿಯ ಹಣವನ್ನು ಬೇರೆಯಾಗಿಯೇ ಕಟ್ಟಿಡಿ.

ನಮ್ಮ ಖಜಾಂಚಿ ಈಗ ಅವಳೇ. ವಿಮಾನದ ಲಗೇಜಿಗೆಂದು ನನ್ನ ಚಟ್ನಿಪುಡಿ ಡಬ್ಬವನ್ನೂ ತೂಗಿಸಿದಳು, ಪುಣ್ಯಾತಗಿತ್ತಿ!