ಮೊಬೈಲ್ ನಕ್ಷೆ ಜಾಗ ತೋರಿಸುತ್ತದೆ, ಗಡಿ ತೋರಿಸುವುದಿಲ್ಲ

‘ಘಟ್ಟದ ಮೇಲೆ ಒಳ್ಳೆ ಜಾಗ ಉಂಟು, ದಾಳಿಂಬೆಗೆ ಹೇಳಿ ಮಾಡಿಸಿದ ಮಣ್ಣು, ರೇಟು ಕಡಿಮೆ.’ ಕೆಳಗೊಂದು ಲೊಕೇಶನ್, ನಾಲ್ಕು ಫೋಟೋ, ಒಂದು ವಿಡಿಯೋ. ಜಮೀನಿನ ವ್ಯವಹಾರ ಈಗ ಶುರುವಾಗುವುದೇ ಹೀಗೆ. ಊರಿನಲ್ಲಿರುವ ಅಣ್ಣ ಅದನ್ನು ಗಲ್ಫಿನಲ್ಲಿರುವ ತಮ್ಮನಿಗೆ ಕಳಿಸುತ್ತಾನೆ. ತಮ್ಮ ಮೊಬೈಲಿನಲ್ಲಿ ನಕ್ಷೆ ತೆರೆದು, ಬೆರಳಿನಿಂದ ದೊಡ್ಡದು ಮಾಡಿ ನೋಡಿ, ‘ಆಯ್ತು, ಅಡ್ವಾನ್ಸ್ ಕೊಟ್ಟುಬಿಡು’ ಎನ್ನುತ್ತಾನೆ. ಅಳತೆಯ ಮಾತು ಬಂದರೆ, ‘ಅದೆಂತಕ್ಕೆ, ಎಲ್ಲ ಮೊಬೈಲಲ್ಲೇ ಉಂಟಲ್ಲ’ ಎಂಬ ಉತ್ತರ.

ಮೊಬೈಲಲ್ಲಿ ಬಹಳಷ್ಟು ಇರುವುದು ನಿಜ. ಆದರೆ ಎಲ್ಲ ಇಲ್ಲ. ಯಾವುದು ಇದೆ, ಯಾವುದು ಇಲ್ಲ ಎಂದು ತಿಳಿಯದೆ ಹಣ ಕೊಟ್ಟರೆ ಮುಂದೆ ಎಷ್ಟೋ ವರ್ಷ ಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ. ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲೂಕಿನ ಹನುಮಸಾಗರ ಹೋಬಳಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಈ ವಿಷಯ ನೋಡೋಣ. ಕುಷ್ಟಗಿ ಕಡೆಯದು ಮಳೆ ಕಡಿಮೆಯ ಬಯಲು ಸೀಮೆ, ದಾಳಿಂಬೆಗೆ ಹೆಸರಾದ ನೆಲ. 2020ರ ಭೂಸುಧಾರಣಾ ತಿದ್ದುಪಡಿಯ ಬಳಿಕ ಕೃಷಿಕರಲ್ಲದವರಿಗೂ ಕೃಷಿ ಭೂಮಿ ಖರೀದಿಗೆ ದಾರಿಯಾದ್ದರಿಂದ ಇಂಥ ಕಡೆಯ ಜಮೀನಿನ ಮೇಲೆ ಹೊರಗಿನವರ ಕಣ್ಣು ಬಿದ್ದಿದೆ. ಆದರೆ ಗಲ್ಫಿನ ತಮ್ಮಂದಿರು ಒಂದು ಮಾತು ಮೊದಲೇ ತಿಳಿದುಕೊಳ್ಳಬೇಕು: ಅನಿವಾಸಿ ಭಾರತೀಯರು ಫೆಮಾ ನಿಯಮದ ಪ್ರಕಾರ ಕೃಷಿ ಭೂಮಿ, ತೋಟ ಅಥವಾ ತೋಟದ ಮನೆಯನ್ನು ಖರೀದಿಸುವಂತಿಲ್ಲ. ವಾರಸಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು, ಅಷ್ಟೆ.

ಗುಂಟೆಯೇ ಬೇರೆ, ಸೆಂಟ್ಸೇ ಬೇರೆ

ಮೊದಲನೆಯ ಎಡವಟ್ಟು ಲೆಕ್ಕದಲ್ಲಿ ಆಗುತ್ತದೆ. ನಮ್ಮ ಕರಾವಳಿಯಲ್ಲಿ ಎಲ್ಲರ ಬಾಯಲ್ಲೂ ಸೆಂಟ್ಸ್. ನೂರು ಸೆಂಟ್ಸ್ ಸೇರಿದರೆ ಒಂದು ಎಕರೆ. ಹನುಮಸಾಗರದಲ್ಲಿ ಸೆಂಟ್ಸ್ ಎಂದರೆ ಯಾರಿಗೂ ತಿಳಿಯದು, ಅಲ್ಲಿ ಗುಂಟೆ. ನಲವತ್ತು ಗುಂಟೆ ಸೇರಿದರೆ ಒಂದು ಎಕರೆ. ಇದರ ಹಿಂದೆ ಇತಿಹಾಸವಿದೆ. 1956ರ ಏಕೀಕರಣದ ಮೊದಲು ದಕ್ಷಿಣ ಕನ್ನಡ ಮದರಾಸಿಗೆ ಸೇರಿತ್ತು, ಕುಷ್ಟಗಿ ಹೈದರಾಬಾದ್ ನಿಜಾಮರ ರಾಜ್ಯದಲ್ಲಿತ್ತು. ಮದರಾಸಿನವರ ಸರಪಳಿ 66 ಅಡಿಯದು, ಅದಕ್ಕೆ ನೂರು ಕೊಂಡಿ. ಗುಂಟೆಯ ಲೆಕ್ಕಕ್ಕೆ 33 ಅಡಿಯ ಸರಪಳಿ, ಅದಕ್ಕೆ ಹದಿನಾರು ಆಣೆ. ಮೂವತ್ತಮೂರು ಅಡಿ ಉದ್ದ, ಮೂವತ್ತಮೂರು ಅಡಿ ಅಗಲದ ನೆಲವೇ ಒಂದು ಗುಂಟೆ, ಅಂದರೆ 1,089 ಚದರ ಅಡಿ. ನಮ್ಮ ಲೆಕ್ಕದಲ್ಲಿ ಎರಡೂವರೆ ಸೆಂಟ್ಸ್.

ಅಲ್ಲಿನ ಪಹಣಿಯಲ್ಲಿ 4-20 ಎಂದು ಬರೆದಿದ್ದರೆ ಅದು ನಾಲ್ಕು ಎಕರೆ ಇಪ್ಪತ್ತು ಗುಂಟೆ, ಅಂದರೆ ನಾಲ್ಕೂವರೆ ಎಕರೆ. ನಮ್ಮವರು ಅಭ್ಯಾಸಬಲದಿಂದ ಅದನ್ನು ನಾಲ್ಕು ಎಕರೆ ಇಪ್ಪತ್ತು ಸೆಂಟ್ಸ್ ಎಂದು ಓದಿದರೆ ಮೂವತ್ತು ಸೆಂಟ್ಸ್ ವ್ಯತ್ಯಾಸ. ಮೊಬೈಲಿನ ಅಳತೆ ಆ್ಯಪ್ 4.50 ಎಂದು ತೋರಿಸಿದಾಗ, ‘ಪಹಣಿಗಿಂತ ಜಾಸ್ತಿ ಜಾಗ ಉಂಟಲ್ಲ!’ ಎಂದು ಖುಷಿಪಡುವವರೂ ಇದ್ದಾರೆ. ಜಾಸ್ತಿ ಏನೂ ಇಲ್ಲ, ಎರಡೂ ಒಂದೇ.

ಇನ್ನೊಂದು ವ್ಯತ್ಯಾಸ ಕುಮ್ಕಿಯದು. ನಮ್ಮಲ್ಲಿ ವರ್ಗ ಜಾಗದ ಸುತ್ತ ನೂರು ಗಜದ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆಗೆ ಕುಮ್ಕಿ ಸವಲತ್ತು ಇತ್ತು. ಆ ರೂಢಿಯನ್ನು ಬಯಲು ಸೀಮೆಗೆ ಕೊಂಡುಹೋಗಬಾರದು. ಅಲ್ಲಿ ಪಹಣಿಯಲ್ಲಿ ಎಷ್ಟಿದೆಯೋ ಅಷ್ಟೇ, ಅದರಲ್ಲೂ ಖರಾಬು ಕಳೆದು. ಕಲ್ಲುಬಂಡೆ, ಕಣದಂಥ ಸಾಗುವಳಿಗೆ ಬಾರದ ನೆಲ ‘ಅ’ ಖರಾಬು. ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ನೆಲ ‘ಬ’ ಖರಾಬು, ಅದು ಮಾರುವವನದ್ದಲ್ಲ.

ಗೆರೆ ಎಷ್ಟು ದಪ್ಪ?

ಕರ್ನಾಟಕದಲ್ಲಿ ಜಮೀನು ನೋಡುವವರಿಗೆ ಈಗ ‘ದಿಶಾಂಕ್’ ಆ್ಯಪ್ ಗೊತ್ತು. ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ತಯಾರಿಸಿದ್ದು. ಹೊಲದಲ್ಲಿ ನಿಂತು ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರ್ ಹೇಳುತ್ತದೆ, ಉಪಗ್ರಹ ಚಿತ್ರದ ಮೇಲೆ ಗಡಿಗೆರೆ ಎಳೆದು ತೋರಿಸುತ್ತದೆ, ಮಾಲೀಕರ ವಿವರದವರೆಗೂ ಕರೆದೊಯ್ಯುತ್ತದೆ. ಇದು ನಿಜಕ್ಕೂ ದೊಡ್ಡ ಉಪಕಾರ. ದಲ್ಲಾಳಿ ರಸ್ತೆ ಬದಿಯ ಬೇರೆ ಹೊಲ ತೋರಿಸಿ ಒಳಗಿನ ಹೊಲ ಮಾರುವ ಹಳೆಯ ಆಟ ಇದರ ಮುಂದೆ ನಡೆಯುವುದಿಲ್ಲ.

ಆದರೆ ಆ ಗೆರೆ ಬಂದದ್ದು ಎಲ್ಲಿಂದ? ಹಳೆಯ ಕಾಲದಲ್ಲಿ ಸರಪಳಿ ಹಿಡಿದು ಅಳೆದು ಕಾಗದದ ಮೇಲೆ ಬರೆದ ಗ್ರಾಮ ನಕ್ಷೆಯಿಂದ. ಅದನ್ನು ಕಂಪ್ಯೂಟರಿಗೆ ಏರಿಸಿ, ಗುರುತು ಸಿಗುವ ಕೆಲವು ಬಿಂದುಗಳನ್ನು ಹೊಂದಿಸಿ ಉಪಗ್ರಹ ಚಿತ್ರದ ಮೇಲೆ ಕೂರಿಸಲಾಗಿದೆ. ರಾಜ್ಯದ ಹಲವು ಗ್ರಾಮ ನಕ್ಷೆಗಳ ಪ್ರಮಾಣ 1:7,920. ಅಂದರೆ ಕಾಗದದ ಮೇಲೆ ಅರ್ಧ ಮಿಲಿಮೀಟರ್ ದಪ್ಪದ ಪೆನ್ನಿನ ಗೆರೆ ನೆಲದ ಮೇಲೆ ಸುಮಾರು ನಾಲ್ಕು ಮೀಟರ್!

ಇದರ ಮೇಲೆ ಮೊಬೈಲಿನದ್ದೇ ತಪ್ಪು ಬೇರೆ. ಜಿಪಿಎಸ್ ನಡೆಸುವ ಅಮೆರಿಕ ಸರಕಾರವೇ ಹೇಳುವಂತೆ, ತೆರೆದ ಆಕಾಶದ ಕೆಳಗೆ ಸ್ಮಾರ್ಟ್‌ಫೋನ್ ಸಾಮಾನ್ಯವಾಗಿ 4.9 ಮೀಟರ್ ಒಳಗೆ ಸರಿ ಇರುತ್ತದೆ. ಹನುಮಸಾಗರದ ಬಯಲಲ್ಲಿ ಆಕಾಶಕ್ಕೇನೂ ಅಡ್ಡಿಯಿಲ್ಲ. ನಮ್ಮ ಕಡೆ ಅಡಿಕೆ ತೋಟದ ನೆರಳಿನಲ್ಲಿ, ಗುಡ್ಡದ ಮಗ್ಗುಲಲ್ಲಿ ಇದು ಇನ್ನೂ ಕೆಡುತ್ತದೆ.

ಐದು ಮೀಟರ್ ಎಂದರೆ ಎಷ್ಟು ಮಹಾ ಅನ್ನಬೇಡಿ. ನೂರು ಮೀಟರ್ ಉದ್ದದ ಬದು ಐದು ಮೀಟರ್ ಆಚೆ ಸರಿದರೆ 500 ಚದರ ಮೀಟರ್. ಹನುಮಸಾಗರದ ಲೆಕ್ಕದಲ್ಲಿ ಹತ್ತಿರ ಹತ್ತಿರ ಐದು ಗುಂಟೆ, ನಮ್ಮ ಲೆಕ್ಕದಲ್ಲಿ ಹನ್ನೆರಡು ಸೆಂಟ್ಸ್ ದಾಟುತ್ತದೆ. ನಮ್ಮಲ್ಲಿ ಹನ್ನೆರಡು ಸೆಂಟ್ಸಿನಲ್ಲಿ ಅಣ್ಣತಮ್ಮ ಇಬ್ಬರೂ ಮನೆ ಕಟ್ಟಬಹುದು. ಅಷ್ಟು ಜಾಗಕ್ಕಾಗಿ ಮಾತು ಬಿಟ್ಟ ಮನೆಗಳು ನಮ್ಮ ನಿಮ್ಮ ಊರಲ್ಲೇ ಎಷ್ಟಿಲ್ಲ? ಮೊಬೈಲಿನ ಗೆರೆ ತೋರಿಸಿ ‘ನಿಮ್ಮ ಬೇಲಿ ನಮ್ಮ ಜಾಗದಲ್ಲಿ ಉಂಟು’ ಎಂದು ನೆರೆಯವರ ಮೇಲೆ ಏರಿ ಹೋಗುವವರು ಈ ಲೆಕ್ಕವನ್ನು ಒಮ್ಮೆ ನೆನಪಿಸಿಕೊಳ್ಳಬೇಕು.

ಹೊಲಕ್ಕೆ ಹೋದಾಗ

ಹಾಗಾದರೆ ಆ್ಯಪ್ ಬೇಡವೇ? ಖಂಡಿತ ಬೇಕು, ಬಳಸುವ ಕ್ರಮ ತಿಳಿದಿರಬೇಕು ಅಷ್ಟೆ.

ಒಂದು: ವಾಟ್ಸಪ್‌ನಲ್ಲಿ ಬಂದ ಲೊಕೇಶನ್ ನಂಬಬೇಡಿ. ಕಳಿಸಿದವನು ರಸ್ತೆಯಲ್ಲಿ ಕಾರಿನೊಳಗೆ ಕೂತು ಕಳಿಸಿರಬಹುದು. ಊರು, ಹೋಬಳಿ, ಸರ್ವೆ ನಂಬರ್, ಹಿಸ್ಸಾ ನಂಬರ್ ಬರವಣಿಗೆಯಲ್ಲಿ ಕೇಳಿ. ನೀವು ಕಳಿಸುವಾಗ ಹೊಲದ ನಾಲ್ಕೂ ಮೂಲೆಯಲ್ಲಿ ನಿಂತು ಅಕ್ಷಾಂಶ, ರೇಖಾಂಶದ ಅಂಕಿಗಳನ್ನು ಕಳಿಸಿ. ದಶಮಾಂಶ ಬಿಂದುವಿನ ನಂತರ ಐದು ಅಂಕಿ ಇರಲಿ. ಐದನೆಯ ಅಂಕಿಯ ಬೆಲೆ ಸುಮಾರು ಒಂದು ಮೀಟರ್.

ಎರಡು: ಮೂಲೆಗೆ ಹೋದ ಕೂಡಲೇ ಗುರುತು ಒತ್ತಬೇಡಿ. ನೀಲಿ ಚುಕ್ಕಿಯ ಸುತ್ತಲಿನ ವೃತ್ತ ಚಿಕ್ಕದಾಗುವ ತನಕ ಒಂದೆರಡು ನಿಮಿಷ ನಿಲ್ಲಿ. ಬೇರೆ ದಿನ ಇನ್ನೊಮ್ಮೆ ಅಳೆಯಿರಿ. ಎರಡು ಅಳತೆ ಒಂದಕ್ಕೊಂದು ಎಷ್ಟು ದೂರ ಬಂತೋ, ನಿಮ್ಮ ಮೊಬೈಲಿನ ಯೋಗ್ಯತೆ ಎಷ್ಟೆಂದು ಅಲ್ಲೇ ಗೊತ್ತಾಗುತ್ತದೆ.

ಮೂರು: ಸರ್ವೆ ನಂಬರಿನ ಒಳಗೆ ನಿಂತಿದ್ದೀರಿ ಎಂದರೆ ನಿಮ್ಮ ಹಿಸ್ಸೆಯೊಳಗೆ ನಿಂತಿದ್ದೀರಿ ಎಂದಲ್ಲ. ಒಂದೇ ಪಹಣಿಯ 9ನೇ ಕಾಲಂನಲ್ಲಿ ಏಳೆಂಟು ಹೆಸರಿದ್ದು, ಪೋಡಿ ಆಗದಿದ್ದರೆ ಯಾರ ಪಾಲು ಯಾವ ಕಡೆ ಎಂದು ಯಾವ ಆ್ಯಪೂ ಹೇಳಲಾರದು. ‘ಆ ಬೇವಿನ ಗಿಡದ ತನಾ ನಮ್ಮದೈತ್ರಿ’ ಎಂದು ಮಾರುವವರು ಪ್ರಾಮಾಣಿಕವಾಗಿಯೇ ಹೇಳುತ್ತಿರಬಹುದು. ಆದರೆ ಬೇವಿನ ಗಿಡ ದಾಖಲೆಯಲ್ಲಿ ಇರುವುದಿಲ್ಲ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ ಇಲ್ಲದೆ ಮುಂದುವರಿಯಬೇಡಿ. 11ನೇ ಕಾಲಂನಲ್ಲಿ ಸಾಲ, ಇತರ ಹಕ್ಕುಗಳು ಏನಿವೆ ಎಂದೂ ಓದಿ.

ನಾಲ್ಕು: ದಾರಿ ನೋಡಿ. ಉಪಗ್ರಹ ಚಿತ್ರದಲ್ಲಿ ಕಾಣುವ ಬಂಡಿದಾರಿ ಪಕ್ಕದವರು ಸ್ನೇಹದಿಂದ ಬಿಟ್ಟದ್ದೂ ಆಗಿರಬಹುದು. ಭೂದಾಖಲೆಗಳ ಇಲಾಖೆಯ ಜಾಲತಾಣದಲ್ಲಿ ಗ್ರಾಮ ನಕ್ಷೆ ಸಿಗುತ್ತದೆ, ಅದರಲ್ಲಿ ಆ ದಾರಿಯನ್ನು ಚುಕ್ಕಿ ಗೆರೆಗಳಲ್ಲಿ ಗುರುತಿಸಿದ್ದಾರೆಯೇ ಎಂದು ಹುಡುಕಿ. ಇಲ್ಲದಿದ್ದರೆ ಆ ಸ್ನೇಹ ಮುರಿದ ದಿನ ನಿಮ್ಮ ದಾರಿಯೂ ಮುಚ್ಚುತ್ತದೆ.

ಐದು: ಗೂಗಲ್ ಅರ್ತ್‌ನಲ್ಲಿ ಹಿಂದಿನ ವರ್ಷಗಳ ಚಿತ್ರ ನೋಡಬಹುದು. ಬೇಸಿಗೆಯಲ್ಲಿ ಒಣಗಿ ಹೊಲದಂತೆ ಕಾಣುವ ಹಳ್ಳ ಮಳೆಗಾಲದ ಚಿತ್ರದಲ್ಲಿ ಹಳ್ಳವಾಗಿಯೇ ಕಾಣುತ್ತದೆ. ಬದು ಎಂದಿನಿಂದ ಅಲ್ಲಿದೆ, ಯಾವಾಗ ಸರಿಯಿತು ಎಂಬುದೂ ಕೆಲವೊಮ್ಮೆ ಗೊತ್ತಾಗುತ್ತದೆ.

ಇಷ್ಟಾದ ಮೇಲೂ ಗಡಿಯ ಮಾತು ಬಂದರೆ ಉತ್ತರ ಒಂದೇ, ಹದ್ದುಬಸ್ತು. ನಾಡಕಚೇರಿಯಲ್ಲಿ ಅಥವಾ ‘ಮೋಜಿಣಿ’ ವ್ಯವಸ್ಥೆಯಲ್ಲಿ ಆನ್‌ಲೈನ್ ಅರ್ಜಿ ಹಾಕಿದರೆ ಭೂಮಾಪಕರು ಅಕ್ಕಪಕ್ಕದವರಿಗೆ ನೋಟಿಸ್ ಕೊಟ್ಟು, ಹಳೆಯ ಟಿಪ್ಪಣಿ ಹಿಡಿದು, ಬಾಂದುಕಲ್ಲು ಹುಡುಕಿ ಅಳೆಯುತ್ತಾರೆ. ಭಾರತೀಯ ಸರ್ವೇಕ್ಷಣಾ ಇಲಾಖೆ ರಾಜ್ಯದಲ್ಲಿ ಕಾರ್ಸ್ ಕೇಂದ್ರಗಳ ಜಾಲ ಸ್ಥಾಪಿಸಿದ ಮೇಲೆ ರೋವರ್ ಉಪಕರಣದಿಂದ ಸೆಂಟಿಮೀಟರ್ ಲೆಕ್ಕದ ಅಳತೆ ಸಾಧ್ಯವಾಗಿದೆ. ಊರೊಳಗಿನ ಮನೆ ಜಾಗಗಳಿಗೆ 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಸರ್ವೆ ನಡೆಯುತ್ತಿದೆ. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಇಷ್ಟು ಮಾಡಿಕೊಟ್ಟರೆ ಸಾಕು

ಆ್ಯಪ್ ಮಾಡಿದವರ ಮುಂದೆ ನಮ್ಮ ಕೆಲವು ಬೇಡಿಕೆಗಳೂ ಇವೆ. ಯಾವುದೂ ಆಕಾಶದಿಂದ ಚಂದ್ರನನ್ನು ತರುವಂಥದ್ದಲ್ಲ.

ಮೊದಲನೆಯದು, ಗಡಿಗೆರೆಯ ಪಕ್ಕದಲ್ಲೇ ‘ಇದು ಇಷ್ಟು ಮೀಟರ್ ಹೆಚ್ಚುಕಡಿಮೆ ಇರಬಹುದು’ ಎಂದು ದೊಡ್ಡ ಅಕ್ಷರದಲ್ಲಿ ಬರಲಿ. ತೆಳ್ಳಗಿನ ಗೆರೆ ನೋಡಿದರೆ ಜನ ಅದನ್ನೇ ಕಲ್ಲುಗಡಿ ಎಂದು ನಂಬುತ್ತಾರೆ. ತಪ್ಪಿನ ಅಂತರ ಎಷ್ಟೋ ಅಷ್ಟು ದಪ್ಪದ ಪಟ್ಟಿಯನ್ನೇ ಎಳೆದರೆ ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ.

ಎರಡನೆಯದು, ಅಳತೆಯ ಪಕ್ಕ ಗುಂಟೆ, ಸೆಂಟ್ಸ್, ಚದರ ಅಡಿ ಮೂರೂ ಒಟ್ಟಿಗೆ ಕಾಣಲಿ. ಮಂಗಳೂರಿನವನು ಹನುಮಸಾಗರದಲ್ಲಿ, ಹನುಮಸಾಗರದವನು ಮಂಗಳೂರಿನಲ್ಲಿ ಮೋಸ ಹೋಗುವುದು ತಪ್ಪುತ್ತದೆ.

ಮೂರನೆಯದು, ಒಂದು ಊರಿನ ನಕ್ಷೆಯನ್ನು ಮೊದಲೇ ಇಳಿಸಿಕೊಂಡು ನೆಟ್‌ವರ್ಕ್ ಇಲ್ಲದ ಹೊಲದಲ್ಲೂ ತೆರೆಯುವಂತಾಗಲಿ. ಅಳತೆ ಬೇಕಾಗುವುದು ಹೊಲದಲ್ಲಿ, ಸಿಗ್ನಲ್ ಸಿಗುವುದು ಪೇಟೆಯಲ್ಲಿ.

ನಾಲ್ಕನೆಯದು ಊರಿನ ಹೆಸರು. ಹನುಮಸಾಗರವನ್ನು ಇಂಗ್ಲಿಷಿನಲ್ಲಿ ಒಂದು ಕಡೆ ಹನಮಸಾಗರ್, ಇನ್ನೊಂದು ಕಡೆ ಹನಮ್‌ಸಾಗರ್, ಮತ್ತೊಂದು ಕಡೆ ಹನುಮಸಾಗರ ಎಂಬ ಸ್ಪೆಲ್ಲಿಂಗಿನಲ್ಲಿ ಬರೆಯುತ್ತಾರೆ. ಒಂದು ಅಕ್ಷರ ತಪ್ಪಿದರೆ ಊರೇ ಸಿಗುವುದಿಲ್ಲ. ಕನ್ನಡದಲ್ಲಿ ಹೆಸರು ಹೇಳಿದರೆ ಹುಡುಕಿಕೊಡುವ ಧ್ವನಿ ಸೌಲಭ್ಯ ಬಂದರೆ ಓದು ಬಾರದ ತಾಯಂದಿರೂ ತಮ್ಮ ಪಹಣಿಯನ್ನು ತಾವೇ ನೋಡಬಹುದು. ತವರಿನ ಆಸ್ತಿಯಲ್ಲಿ ತಮ್ಮ ಹೆಸರು ಉಂಟೋ ಇಲ್ಲವೋ ಎಂದು ತಿಳಿಯಲು ಅಣ್ಣನನ್ನೋ ಬಾವನನ್ನೋ ಕೇಳುತ್ತ ಕೂರಬೇಕಿಲ್ಲ.

ಕೊನೆಯದು, ಪಹಣಿಗೆ ‘ಭೂಮಿ’, ಅಳತೆಗೆ ‘ಮೋಜಿಣಿ’, ನೋಂದಣಿಗೆ ‘ಕಾವೇರಿ’, ಸ್ಥಳಕ್ಕೆ ‘ದಿಶಾಂಕ್’ ಎಂದು ನಾಲ್ಕು ಬಾಗಿಲು ತಟ್ಟುವ ಬದಲು, ನಕ್ಷೆಯ ಮೇಲೆ ಹೊಲ ಮುಟ್ಟಿದರೆ ಪಹಣಿ, 11ಇ ನಕ್ಷೆ, ಋಣಭಾರ ಪತ್ರ ಎಲ್ಲ ಒಂದೇ ಕಡೆ ತೆರೆಯಲಿ. ಗೆರೆ ತಪ್ಪಿದ್ದರೆ ತಿಳಿಸಲು ಒಂದು ಗುಂಡಿ ಇರಲಿ, ತಿಳಿಸಿದವರಿಗೆ ಉತ್ತರವೂ ಬರಲಿ.

ಅಲ್ಲಿಯವರೆಗೆ ಅಡ್ವಾನ್ಸ್ ಕೊಡುವ ಮೊದಲು ಮೂರು ಕೆಲಸ ಮಾಡಿ. ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಿ, ಕಚೇರಿಯಲ್ಲಿ ದಾಖಲೆ ನೋಡಿ, ಆಮೇಲೆ ಪಕ್ಕದ ಹೊಲದವರನ್ನು ಕರೆದು ಅವರೊಟ್ಟಿಗೆ ಬದುವಿನ ಮೇಲೆ ನಾಲ್ಕು ಹೆಜ್ಜೆ ನಡೆಯಿರಿ. ನಾಳೆ ನೀರಿಗೆ, ದಾರಿಗೆ, ಕಷ್ಟಕ್ಕೆ ಬೇಕಾಗುವವರು ಅವರೇ. ಜಾಗ ಕೊಂಡವರು ನೆರೆಯವರನ್ನೂ ಕೊಂಡುಕೊಂಡ ಹಾಗೆಯೇ ಲೆಕ್ಕ.