ಬೂದಿ ಬುಧವಾರದಂದು ಮುಚ್ಚಿದ ಗಣಿ

2001ರ ಫೆಬ್ರವರಿ 28 ಬೂದಿ ಬುಧವಾರವಾಗಿತ್ತು. ನಾವೆಲ್ಲ ಹಣೆಗೆ ಬೂದಿ ಧರಿಸಿ ತಪಸ್ಸುಕಾಲವನ್ನು ಪ್ರವೇಶಿಸಿದ ಆ ದಿನವೇ ಕೋಲಾರದ ಚಿನ್ನದ ಗಣಿಗಳ ಕೊನೆಯ ದಿನವೂ ಆಯಿತು. ಮೂರು ಸಾವಿರಕ್ಕೂ ಮಿಕ್ಕ ಕಾರ್ಮಿಕರು ಕೆಲಸ ಕಳೆದುಕೊಂಡರು.

ಈ ಪೆಟ್ಟು ಹಠಾತ್ತನೆ ಬಿದ್ದುದಲ್ಲ. 1992ರಲ್ಲಿಯೇ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯು ರೋಗಗ್ರಸ್ತ ಉದ್ದಿಮೆಗಳ ಮಂಡಳಿಯ ಮುಂದಿತ್ತು. 2000ದಲ್ಲಿ ಮಂಡಳಿಯು ಅದನ್ನು ಮುಚ್ಚುವುದೇ ಸರಿಯೆಂದಿತು. ಆದರೂ ಜನ ನಂಬಲಿಲ್ಲ. ನಂಬದಿರಲು ಕಾರಣವೂ ಇತ್ತು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಗೆತ್ತಿಕೊಂಡ ಗಣಿ 1956ರಲ್ಲಿ ಮೈಸೂರು ಸರ್ಕಾರದ್ದಾಯಿತು, 1962ರಲ್ಲಿ ಕೇಂದ್ರದ್ದಾಯಿತು. ಒಡೆಯರು ಬದಲಾದರೂ ಪಾಳಿಯ ಸೈರನ್ ನಿಂತಿರಲಿಲ್ಲ. ಮನೆ, ನೀರು, ಆಸ್ಪತ್ರೆ ಎಲ್ಲವೂ ಗಣಿಯದೇ. ತಾತನ ಕಾಲದಿಂದ ಇದ್ದುದು ನಾಳೆ ಇರದೆಂದು ಯಾರು ತಾನೇ ಎಣಿಸಿಯಾರು?

ಹಾಗೆ ಎಣಿಸಬೇಕಾದವರು ಮುಂದಾಳುಗಳು. ಅವರಲ್ಲಿ ಅನೇಕರು ಜನರಿಗೆ ಬೇಕಾದ ಮಾತನ್ನೇ ಆಡಿದರು. ಗಣಿ ಮತ್ತೆ ತೆರೆಯುತ್ತದೆ ಎಂಬ ಮಾತು ಅಂದಿನಿಂದ ಎಷ್ಟು ಚುನಾವಣೆಗಳನ್ನು ದಾಟಿ ಬಂದಿದೆಯೋ! ಆ ಮಾತನ್ನು ನೆಚ್ಚಿ ಯೌವನವನ್ನು ಕಾಯುವುದರಲ್ಲಿಯೇ ಕಳೆದವರಿದ್ದಾರೆ. ಧರ್ಮಗುರುಗಳಾದ ನಾವೂ ಈ ತಪ್ಪಿನಿಂದ ಹೊರತಲ್ಲ. ಸತ್ಯ ಹೇಳಬೇಕಾದಲ್ಲಿ ತಾಳ್ಮೆಯನ್ನು ಬೋಧಿಸಿದೆವು. ಅದು ನಮಗೆ ಸುಲಭವಾಗಿತ್ತು.

ಗುರುಮಠದಲ್ಲಿ ನಾವು ಅರಿಸ್ಟಾಟಲನನ್ನು ಓದಿದ್ದುಂಟು. ಪ್ರತಿಯೊಂದು ಬದಲಾವಣೆಯ ಅಡಿಯಲ್ಲೂ ಬದಲಾಗದೆ ಉಳಿಯುವ ಒಂದಿರಬೇಕೆಂಬುದು ಅವನ ವಾದ. ಪರೀಕ್ಷೆಗಾಗಿ ಕಲಿತ ಈ ಸೂತ್ರದ ಅರ್ಥ ನಮಗೆ ತಿಳಿದದ್ದು ಚಾಂಪಿಯನ್ ರೀಫ್‌ನ ಲೈನುಗಳಲ್ಲಿ. ಮೂರು ಕಿಲೋಮೀಟರಿಗೂ ಆಳದಲ್ಲಿ ಬಂಡೆ ಸಿಡಿದಾಗ, ಯಾರ ಮನೆಯವನೆಂದು ಕೇಳದೆ ಇಡೀ ಲೈನೇ ಗಣಿಯ ಬಾಯಿಗೆ ಓಡುತ್ತಿತ್ತು. ಚಿನ್ನ ಮುಗಿದರೂ ಈ ಗುಣ ಮುಗಿದಿಲ್ಲ. ಮುಗಿದುದನ್ನು ಮುಗಿಯಿತೆಂದು ಹೇಳಿ, ಮುಗಿಯದುದನ್ನು ತೋರಿಸಿಕೊಡುವುದು ಮುಂದಾಳಿನ ಮೊದಲ ಕೆಲಸವೆಂದು ನಮ್ಮ ಎಣಿಕೆ. ಮರಳುಗಾಡಿನಲ್ಲಿ ಈರುಳ್ಳಿ ಬೆಳ್ಳುಳ್ಳಿಗಾಗಿ ಅತ್ತ ಜನರನ್ನು ಮೋಶೆ ಈಜಿಪ್ಟಿಗೆ ಹಿಂದಿರುಗಿಸಲಿಲ್ಲ. ಮಾವ ಯೆತ್ರೋನ ಮಾತು ಕೇಳಿ ಹತ್ತು ಹತ್ತು ಜನಕ್ಕೆ ಒಬ್ಬೊಬ್ಬನನ್ನು ನೇಮಿಸಿ ಹೊಣೆಯನ್ನು ಹಂಚಿದನು.

ನಮ್ಮ ಯುವಜನರು ಯಾರ ಉಪದೇಶಕ್ಕೂ ಕಾಯದೆ ದಾರಿ ಹುಡುಕಿಕೊಂಡರು. ಸೂರ್ಯೋದಯಕ್ಕೆ ಮುನ್ನ ಮಾರಿಕುಪ್ಪಮ್ಮಿನಲ್ಲಿ ರೈಲು ಹತ್ತಿ, ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರು ಸೇರಿ, ಕತ್ತಲಾದ ಮೇಲೆ ಮರಳುತ್ತಾರೆ. ಅವರ ತಾತಂದಿರೂ ಒಮ್ಮೆ ಆರ್ಕಾಟಿನ ಕಡೆಯಿಂದ ಹೊಟ್ಟೆಪಾಡಿಗೆಂದು ಊರು ಬಿಟ್ಟು ಬಂದವರೇ ಅಲ್ಲವೇ? ಆದರೆ ಧರ್ಮಕೇಂದ್ರದ ಸಮಿತಿಗಳು ಸಂಜೆ ಐದಕ್ಕೇ ಸೇರಿದರೆ ಈ ಮಕ್ಕಳು ಬರುವುದೆಂತು? ಗಣಿಯ ಪಾಳಿಗೆ ಹೊಂದಿಸಿದ್ದ ಗಡಿಯಾರವನ್ನು ನಾವಿನ್ನೂ ತಿರುಗಿಸಿಲ್ಲ. ಈ ತಪಸ್ಸುಕಾಲದಿಂದಲಾದರೂ ಸಭೆಗಳು ರಾತ್ರಿಯ ರೈಲು ಬಂದ ಮೇಲೆ ಆರಂಭವಾಗಲಿ. ನಿಲ್ದಾಣದಿಂದ ನಡೆದು ಬರುವವರಿಗೆ ಒಂದು ಲೋಟ ಕಾಫಿಯನ್ನೂ ಇಟ್ಟಿರೋಣ.