ಅಭ್ಯಂಗ ಮಾಡುವ ಕೈಗಳ ಆರೋಗ್ಯ

ಆಷಾಢ ಮಾಸ ಬಂತೆಂದರೆ ಪಂಚಕರ್ಮ ಚಿಕಿತ್ಸಾಲಯಗಳಲ್ಲಿ ಜನಸಂದಣಿ ಹೆಚ್ಚುತ್ತದೆ. ಮಳೆಗಾಲದಲ್ಲಿ ವಾತವು ಪ್ರಕೋಪಗೊಳ್ಳುವುದರಿಂದ ಕೀಲುನೋವು, ಸೊಂಟನೋವುಗಳಿಂದ ಬಳಲುವವರು ಅಭ್ಯಂಗ, ಸ್ವೇದನ, ಬಸ್ತಿಗಳಿಗಾಗಿ ಬರುತ್ತಾರೆ. ಮದುವೆ ಮುಂಜಿಗಳಿಲ್ಲದ ತಿಂಗಳಾದ್ದರಿಂದ ಜನರಿಗೆ ಬಿಡುವೂ ಇರುತ್ತದೆ. ಚಿಕಿತ್ಸೆ ಪಡೆಯುವವರ ಪಥ್ಯ, ವಿಶ್ರಾಂತಿಗಳ ಬಗ್ಗೆ ಈ ಪುಟಗಳಲ್ಲಿ ಅನೇಕ ಸಲ ಬರೆದಿದ್ದೇವೆ. ಆದರೆ ಚಿಕಿತ್ಸೆಯ ಮೇಜಿನ ಪಕ್ಕದಲ್ಲಿ ನಿಂತು, ಒಬ್ಬರಾದ ಮೇಲೊಬ್ಬರಿಗೆ ಮುಕ್ಕಾಲು ಗಂಟೆ ಬಿಸಿ ಎಣ್ಣೆಯಿಂದ ಅಭ್ಯಂಗ ಮಾಡುವ ತಾಯಂದಿರ ಬಗ್ಗೆ ಒಮ್ಮೆಯೂ ಬರೆದಿಲ್ಲ. ಅದು ನಮ್ಮ ಲೋಪ.

ಚರಕ ಸಂಹಿತೆಯ ಸೂತ್ರಸ್ಥಾನದ 6ನೇ ಅಧ್ಯಾಯವು ಋತುಗಳಿಗೂ ಶರೀರಬಲಕ್ಕೂ ಇರುವ ಸಂಬಂಧವನ್ನು ವಿವರಿಸುತ್ತದೆ. ಹೇಮಂತ, ಶಿಶಿರಗಳಲ್ಲಿ ಬಲ ಉತ್ತಮ. ಶರತ್, ವಸಂತಗಳಲ್ಲಿ ಮಧ್ಯಮ. ಗ್ರೀಷ್ಮ, ವರ್ಷಗಳಲ್ಲಿ ಅಲ್ಪ. ಎಂದರೆ, ರೋಗಿಗಳು ಹೆಚ್ಚಾಗಿ ಬರುವ ಋತುವಿನಲ್ಲಿಯೇ ಅವರನ್ನು ಉಪಚರಿಸುವ ಮಹಿಳೆಯ ಬಲವೂ ಕುಗ್ಗಿರುತ್ತದೆ. ಕೆಲಸದ ಪಟ್ಟಿ ಮಾತ್ರ ಆ ತಿಂಗಳಿನಲ್ಲಿಯೇ ಅತಿ ಉದ್ದವಾಗಿರುತ್ತದೆ.

ಸುಮಾರು 20 ವರ್ಷಗಳ ಹಿಂದೆ ನಮ್ಮ ಚಿಕಿತ್ಸಾಲಯದಲ್ಲಿ ಪಂಚಕರ್ಮ ಸಹಾಯಕಿಯಾಗಿದ್ದ ಸಹೋದರಿಯೊಬ್ಬರು ಆಷಾಢದಲ್ಲಿ ದಿನಕ್ಕೆ 6 ಅಭ್ಯಂಗಗಳನ್ನು ಮಾಡುತ್ತಿದ್ದರು. ಆ ಸಂಖ್ಯೆಯನ್ನು ನಿಗದಿ ಮಾಡಿದವರು ನಾವೇ. ಒಂದು ಮಧ್ಯಾಹ್ನ ಅವರ ಕೈಯಿಂದ ಎಣ್ಣೆಯ ಪಾತ್ರೆ ಜಾರಿ ಬಿತ್ತು. ಗಮನ ಎಲ್ಲಿದೆ ಎಂದು ಗದರಿದೆವು. ಅವರು ಏನನ್ನೂ ಹೇಳದೆ ನೆಲ ಒರೆಸಿದರು. ಮರುದಿನ ಸಂಕೋಚದಿಂದ ಕೈ ಚಾಚಿ ತೋರಿಸಿದಾಗ ಹೆಬ್ಬೆರಳಿನ ಬುಡ ಊದಿಕೊಂಡಿತ್ತು. ರಾತ್ರಿ ಬೆರಳುಗಳು ಜೋಮು ಹಿಡಿದು ಎಚ್ಚರವಾಗುತ್ತದೆ, ಕೈ ಕೊಡವಿದರೆ ಸ್ವಲ್ಪ ಹಗುರವೆನಿಸುತ್ತದೆ ಎಂದರು. ಇನ್ನಷ್ಟು ವಿಚಾರಿಸಿದಾಗ ಉರಿಮೂತ್ರದ ತೊಂದರೆಯೂ ತಿಳಿಯಿತು. ಒಬ್ಬ ರೋಗಿಗೂ ಇನ್ನೊಬ್ಬರಿಗೂ ನಡುವೆ ಶೌಚಾಲಯಕ್ಕೆ ಹೋಗಲು ಸಮಯವಿಲ್ಲದ್ದರಿಂದ ಅವರು ಬೆಳಗಿನಿಂದ ನೀರನ್ನೇ ಕುಡಿಯುತ್ತಿರಲಿಲ್ಲ. ದಿನವಿಡೀ ಎಣ್ಣೆಯಲ್ಲಿರುತ್ತಿದ್ದ ಆ ಕೈಗಳನ್ನು ನಾವು ಒಂದು ದಿನವೂ ಪರೀಕ್ಷಿಸಿ ನೋಡಿರಲಿಲ್ಲ.

ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಆಯುರ್ವೇದ ಹೇಳುತ್ತದೆ: ವೈದ್ಯ, ಔಷಧ, ರೋಗಿ ಮತ್ತು ಪರಿಚಾರಕ. ಪರಿಚಾರಕರಿಗೆ ಇರಬೇಕಾದ ಗುಣಗಳನ್ನು ಹೇಳುವಾಗ ಸುಶ್ರುತರು ಸ್ನೇಹಭಾವ, ಅಸಹ್ಯಪಡದಿರುವಿಕೆಗಳ ಜೊತೆಗೆ ಬಲವನ್ನೂ ಸೇರಿಸುತ್ತಾರೆ. ಪರಿಚಾರಕನು ‘ಅಶ್ರಾಂತ’ನಾಗಿರಬೇಕು ಎನ್ನುತ್ತಾರೆ. ಈ ಪದವನ್ನು ‘ಎಷ್ಟು ದುಡಿದರೂ ದಣಿಯದವನು’ ಎಂದು ಅರ್ಥ ಮಾಡಿ, ದಣಿದವರನ್ನು ಅಯೋಗ್ಯರೆಂದು ಕಾಣುವುದು ರೂಢಿಯಾಗಿದೆ. ನಮಗೆ ತೋರುವ ಅರ್ಥ ಬೇರೆ. ರೋಗಿಯ ಬಳಿಗೆ ಬರುವಾಗ ಪರಿಚಾರಕರು ದಣಿದ ಸ್ಥಿತಿಯಲ್ಲಿ ಇರಕೂಡದು. ಹೀಗೆ ಅರ್ಥ ಮಾಡಿದರೆ ಹೊಣೆಯು ಅವರಿಗೆ ಕೆಲಸ ಹಂಚುವ ನಮ್ಮಂತಹವರ ಮೇಲೂ ಬರುತ್ತದೆ.

ಹಾಗಾದರೆ ಎಷ್ಟು ದುಡಿಯಬಹುದು? ವ್ಯಾಯಾಮದ ವಿಷಯದಲ್ಲಿ ಶಾಸ್ತ್ರವು ಅರ್ಧಶಕ್ತಿಯ ನಿಯಮವನ್ನು ಹೇಳಿದೆ. ಬಲಶಾಲಿಗಳು, ಜಿಡ್ಡಿನ ಪದಾರ್ಥಗಳನ್ನು ಉಣ್ಣುವವರು ಸಹ ಚಳಿಗಾಲ, ವಸಂತಗಳಲ್ಲಿ ತಮ್ಮ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕು. ಉಳಿದ ಋತುಗಳಲ್ಲಿ ಅದಕ್ಕಿಂತಲೂ ಕಡಿಮೆ ಎಂಬುದು ಅಷ್ಟಾಂಗಹೃದಯದ ಮತ. ಹಣೆ, ಮೂಗು, ಕಂಕುಳುಗಳಲ್ಲಿ ಬೆವರು ಮೂಡುವುದು, ಬಾಯಿ ಒಣಗುವುದು, ಬಾಯಿಯಿಂದ ಉಸಿರಾಡುವಂತಾಗುವುದು ಅರ್ಧಬಲ ಮುಗಿದುದರ ಲಕ್ಷಣಗಳು. ಅಭ್ಯಂಗವು ಪಡೆಯುವವರಿಗೆ ವಿಶ್ರಾಂತಿ, ಮಾಡುವವರಿಗೆ ವ್ಯಾಯಾಮ. ಆದುದರಿಂದ ಈ ನಿಯಮವನ್ನು ಅವರ ದುಡಿಮೆಗೂ ಅನ್ವಯಿಸಬೇಕೆಂಬುದು ನಮ್ಮ ಅಭಿಪ್ರಾಯ. ಸ್ವೇದನದ ಕೋಣೆಯಲ್ಲಿ ಶೆಕೆಯಿಂದಲೇ ಬೆವರು ಬರುವುದರಿಂದ ಅಲ್ಲಿ ಉಸಿರನ್ನೂ ಬಾಯಿ ಒಣಗುವುದನ್ನೂ ಗಮನಿಸಬೇಕು.

ಯೋಗ ಕಲಿಸುವ ಸಹೋದರಿಯರಿಗೂ ಇದು ಸಲ್ಲುತ್ತದೆ. ಬೆಳಿಗ್ಗೆ ಎರಡು, ಸಂಜೆ ಎರಡು ತರಗತಿಗಳಲ್ಲಿ ಪ್ರತಿಯೊಂದು ಆಸನವನ್ನೂ ತಾವೇ ಮಾಡಿ ತೋರಿಸಿದರೆ ಒಂದೇ ಅಭ್ಯಾಸವನ್ನು ದಿನಕ್ಕೆ ನಾಲ್ಕು ಸಲ ಮಾಡಿದಂತಾಗುತ್ತದೆ. ಒಮ್ಮೆ ತೋರಿಸಿ, ಅನಂತರ ಮಾತಿನಿಂದ ನಡೆಸುವುದು ಒಳಿತು.

ಎರಡನೆಯ ವಿಷಯ ವೇಗಧಾರಣೆ. ತಡೆಯಬಾರದ 13 ವೇಗಗಳನ್ನು ಚರಕರು ಎಣಿಸಿದ್ದಾರೆ. ಅವುಗಳಲ್ಲಿ ಮೂತ್ರ, ಹಸಿವು, ಬಾಯಾರಿಕೆ, ನಿದ್ರೆ ಇವು ನಾಲ್ಕನ್ನು ಈ ವೃತ್ತಿಯ ಮಹಿಳೆಯರು ಬಹುತೇಕ ದಿನವೂ ತಡೆಯುತ್ತಾರೆ. ಶ್ರಮದಿಂದ ಬರುವ ಏದುಸಿರೂ ಈ 13ರಲ್ಲಿ ಒಂದೆಂಬುದು ಅನೇಕರಿಗೆ ತಿಳಿದಿಲ್ಲ. ರೋಗಿಗೆ ಕೇಳಿಸಬಾರದೆಂದು ಅದನ್ನು ಅದುಮಿಕೊಂಡು ಕೈಯಾಡಿಸುವುದನ್ನು ನಾವು ಕಂಡಿದ್ದೇವೆ. ಅದನ್ನು ತಡೆದರೆ ಹೃದ್ರೋಗ, ಗುಲ್ಮ, ಸಮ್ಮೋಹಗಳು ಉಂಟಾಗುತ್ತವೆಂದು ಹೇಳಿ, ವಿಶ್ರಾಂತಿಯನ್ನೂ ವಾತಹರ ಕ್ರಿಯೆಗಳನ್ನೂ ಪರಿಹಾರವಾಗಿ ವಿಧಿಸಿದ್ದಾರೆ.

‘ಇದು ಕಾಯಕ, ದಣಿವೆನ್ನಬಾರದು’ ಎಂದು ಕೆಲವು ಸಹೋದರಿಯರು ನಮಗೆ ಹೇಳುವುದುಂಟು. ಅವರ ನಿಷ್ಠೆಗೆ ಶರಣು. ಆದರೆ ಇದೇ ಮಾತನ್ನು ಅವರಿಗೆ ಕಲಿಸಿ, ಸಂಬಳದಲ್ಲಿಯೂ ಬಿಡುವಿನಲ್ಲಿಯೂ ಉಳಿತಾಯ ಮಾಡುವವರನ್ನೂ ಕಂಡಿದ್ದೇವೆ.

ಇನ್ನು ಆಚರಣೆಯ ಮಾತು. ಮೇಜಿನ ಎತ್ತರ ಮುಖ್ಯ. ನೆಟ್ಟಗೆ ನಿಂತು ಕೈಗಳನ್ನು ಇಳಿಬಿಟ್ಟಾಗ ಮುಷ್ಟಿಯ ಗೆಣ್ಣುಗಳು ತಾಗುವಷ್ಟು ಎತ್ತರವಿದ್ದರೆ ಸೊಂಟ ಬಾಗುವುದು ತಪ್ಪುತ್ತದೆ. ಒತ್ತಡವು ಹೆಬ್ಬೆರಳಿನಿಂದ ಬರಬಾರದು. ಅಂಗೈ, ಮುಂದೋಳುಗಳ ಮೂಲಕ ದೇಹದ ಭಾರವೇ ಇಳಿಯಬೇಕು. ಇಬ್ಬರು ಸೇರಿ ಮಾಡುವಾಗ ದಿನಕ್ಕೊಮ್ಮೆ ಎಡ ಬಲಗಳನ್ನು ಬದಲಿಸಿಕೊಳ್ಳಬೇಕು. ಒಂದು ಅಭ್ಯಂಗ ಮುಗಿದ ಮೇಲೆ ಕುಳಿತು ನೀರು ಕುಡಿದು, ಶೌಚಕ್ಕೆ ಹೋಗಿಬರುವಷ್ಟು ಬಿಡುವಿರಬೇಕು. ಮುಟ್ಟಿನ ಮೊದಲ ದಿನಗಳಲ್ಲಿ ಬೇಕೆಂದವರಿಗೆ ಕುಳಿತು ಮಾಡುವ ಕೆಲಸ ಕೊಡುವುದಕ್ಕೆ ಹೆಚ್ಚು ಖರ್ಚಿಲ್ಲ; ಶಿರೋಧಾರೆಯ ಮೇಲ್ವಿಚಾರಣೆ, ಔಷಧ ಪುಡಿಗಳ ಪೊಟ್ಟಣ ಕಟ್ಟುವುದು ಇತ್ಯಾದಿ ಇದ್ದೇ ಇರುತ್ತವೆ.

ದಣಿವೆಲ್ಲವೂ ದುಡಿಮೆಯದೇ ಎಂದು ತಿಳಿಯಬಾರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆಯಿದೆ. ಗರ್ಭಿಣಿಯಲ್ಲದ ಮಹಿಳೆಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಚಿಕಿತ್ಸೆ ಬೇಕು. ಮೆಟ್ಟಿಲು ಹತ್ತುವಾಗ ಏದುಸಿರು, ಎದೆಬಡಿತ ಇದ್ದವರು ಮೊದಲು ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ. ಕೈ ಜೋಮು ಹಿಡಿಯುವುದು ಕೆಲವು ವಾರಗಳಾದರೂ ನಿಲ್ಲದಿದ್ದರೆ, ಹಿಡಿತ ಸಡಿಲವಾಗುತ್ತಿದ್ದರೆ, ಮಣಿಕಟ್ಟಿನಲ್ಲಿ ನರವು ಅದುಮಲ್ಪಟ್ಟಿರಬಹುದು. ಮಧುಮೇಹ, ಥೈರಾಯ್ಡ್ ತೊಂದರೆಗಳಲ್ಲಿಯೂ ಹೀಗಾಗುತ್ತದೆ. ಎಣ್ಣೆ ಹಚ್ಚುತ್ತಾ ಕಾಲ ಕಳೆಯದೆ ತಜ್ಞರಿಗೆ ತೋರಿಸಬೇಕು. ಆಯುರ್ವೇದ ವೈದ್ಯರಾಗಿಯೇ ನಾವು ಇದನ್ನು ಹೇಳುತ್ತಿದ್ದೇವೆ.

ಮನೆಯ ದುಡಿಮೆ ಈ ಲೆಕ್ಕದಲ್ಲಿ ಸೇರಿಲ್ಲ. ಸಂಜೆ ಮನೆಗೆ ಹೋದ ಮೇಲೆ ರೊಟ್ಟಿ ಬಡಿಯುವುದು, ಬಟ್ಟೆ ಹಿಂಡುವುದು ಅದೇ ಮಣಿಕಟ್ಟಿನಿಂದಲೇ ಆಗಬೇಕು. ನಮ್ಮ ಸಹಾಯಕಿಯ ಯಜಮಾನರನ್ನು ಕರೆಸಿ, ಬಟ್ಟೆ ಹಿಂಡುವ ಕೆಲಸವನ್ನು ಮೂರು ತಿಂಗಳು ನೀವು ಮಾಡಬೇಕೆಂದು ಔಷಧ ಚೀಟಿಯಲ್ಲಿಯೇ ಬರೆದುಕೊಟ್ಟೆವು. ಅವರು ನಕ್ಕರು, ಆದರೆ ಮಾಡಿದರು.

ಹಳ್ಳಿಗಳಲ್ಲಿ ಬಾಣಂತಿಗೂ ಕೂಸಿಗೂ ಎಣ್ಣೆ ಹಚ್ಚಿ ಎರೆಯುವ ಹಿರಿಯ ತಾಯಂದಿರಿಗೆ ಮೇಜೂ ಇಲ್ಲ, ವೇಳಾಪಟ್ಟಿಯೂ ಇಲ್ಲ. ಹೊಗೆ ತುಂಬಿದ ಬಚ್ಚಲಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಬಿಸಿನೀರಿನ ಕೊಡವನ್ನು ತಾವೇ ಎತ್ತುತ್ತಾರೆ. ಅವರನ್ನು ಕರೆಸುವ ಮನೆಯವರು ಕುಳಿತುಕೊಳ್ಳಲು ಎತ್ತರದ ಮಣೆ ಕೊಡಲಿ, ನೀರು ಎತ್ತಿಕೊಡಲು ಒಬ್ಬರು ನಿಲ್ಲಲಿ, ಎರೆದಾದ ಮೇಲೆ ಊಟಕ್ಕೆ ಕೂರಿಸಲಿ. ಚಿಕಿತ್ಸಾಲಯಕ್ಕೆ ಹೋಗುವ ಶರಣ ಬಂಧುಗಳು ‘ಇನ್ನೂ ಗಟ್ಟಿಯಾಗಿ ಒತ್ತಮ್ಮಾ’ ಎನ್ನುವ ಮುನ್ನ ಆಕೆಗೆ ಇದು ಎಷ್ಟನೆಯ ಅಭ್ಯಂಗವೆಂದು ಒಮ್ಮೆ ಕೇಳಲಿ. ಒತ್ತಡ ಹೆಚ್ಚಿದಷ್ಟೂ ಗುಣ ಹೆಚ್ಚೆಂಬುದು ತಪ್ಪು ತಿಳಿವಳಿಕೆ.

ಆ ಸಹೋದರಿಯ ಕೈ ಸರಿಹೋಗಲು ನಾಲ್ಕು ತಿಂಗಳು ಹಿಡಿಯಿತು. ಅಂದಿನಿಂದ ನಮ್ಮಲ್ಲಿ ಒಬ್ಬರಿಗೆ ದಿನಕ್ಕೆ ನಾಲ್ಕು, ವರ್ಷಋತುವಿನಲ್ಲಿ ಮೂರು ಅಭ್ಯಂಗಗಳ ಮಿತಿಯಿದೆ. ಆದಾಯ ಕಡಿಮೆಯಾದದ್ದು ನಿಜ; ಆಷಾಢದಲ್ಲಿ ಕೆಲವರನ್ನು ಶ್ರಾವಣಕ್ಕೆ ಬನ್ನಿರೆಂದು ಕಳುಹಿಸಬೇಕಾಗುತ್ತದೆ. ನಿತ್ಯದ ಅಭ್ಯಂಗದಲ್ಲಿ ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಎಣ್ಣೆ ಹಚ್ಚಬೇಕೆಂದು ವಾಗ್ಭಟರು ಹೇಳಿದ್ದಾರೆ. ಅದರಂತೆ ಸಂಜೆ 4 ಗಂಟೆಗೆ ಸಹಾಯಕಿಯರು ಬಾಗಿಲು ಹಾಕಿಕೊಂಡು, ಅರ್ಧ ಗಂಟೆ ಒಬ್ಬರ ಪಾದಗಳಿಗೆ ಇನ್ನೊಬ್ಬರು ಎಣ್ಣೆ ತಿಕ್ಕಿಕೊಳ್ಳುತ್ತಾರೆ. ಆ ವೇಳೆಗೆ ಬಂದವರು ಹೊರಗಿನ ಬೆಂಚಿನ ಮೇಲೆ ಕುಳಿತಿರಬೇಕು. ನಾವೂ ಬಾಗಿಲು ತಟ್ಟುವುದಿಲ್ಲ.